ನೀರು ದಾಟುವ ಗಾಡಿಯ ತಯಾರಿ: ಬ್ರೀದರ್ ಮೊದಲು, ಸ್ನಾರ್ಕೆಲ್ ಆಮೇಲೆ

ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಸತ್ತರಿ, ಸಾಂಗೆ ಕಡೆ ತೋಟ ನೋಡಿಕೊಳ್ಳುವವರಿಗೆ, ಪೊಂಡಾ, ವಾಸ್ಕೋದಿಂದ ಚೋರ್ಲಾ ಇಲ್ಲವೇ ಅನಮೋಡ ಘಾಟ್ ಹತ್ತಿ ಖಾನಾಪುರ, ಬೆಳಗಾವಿಯ ಊರಿಗೆ ಹೋಗಿಬರುವವರಿಗೆ ರಸ್ತೆಯ ಮೇಲೆ ಹರಿಯುವ ಹಳ್ಳ ಹೊಸದಲ್ಲ. ಥಾರ್, ಗೂರ್ಖಾ, ಸ್ಕಾರ್ಪಿಯೊ, ಜಿಮ್ನಿ, ಹಳೆಯ ಜಿಪ್ಸಿ, ಯಾವುದೇ ಇರಲಿ, ಶೋರೂಮಿನಿಂದ ಬಂದ ಹಾಗೇ ಇರುವ ಫೋರ್ ಬೈ ಫೋರ್ ಗಾಡಿಯನ್ನು ಮೊಣಕಾಲು ಮಟ್ಟದ ನೀರಿಗೆ ಸಿದ್ಧ ಮಾಡುವುದು ಒಂದು ದಿನದ ಕೆಲಸ. ದೊಡ್ಡ ಖರ್ಚೂ ಇಲ್ಲ.

ಬಹಳ ಜನ ಮೊದಲು ಸ್ನಾರ್ಕೆಲ್ (ಇಂಜಿನ್‌ಗೆ ಗಾಳಿಯನ್ನು ಚಾವಣಿಯ ಎತ್ತರದಿಂದ ತರುವ ಕೊಳವೆ) ಹಾಕಿಸುತ್ತಾರೆ. ಕಣ್ಣಿಗೆ ಕಾಣುವ ವಸ್ತು, ಹಾಕಿಸಿದ ಸಮಾಧಾನವೂ ಸಿಗುತ್ತದೆ. ಆದರೆ ಗಾಡಿ ಎಷ್ಟು ಆಳದ ನೀರು ತಡೆಯುತ್ತದೆ ಎಂಬುದು ಗೊತ್ತಾಗುವುದು ಅದರ ಅತಿ ತಗ್ಗಿನ ತೂತಿನಿಂದ. ಆ ತೂತು, ಅಂದರೆ ಬ್ರೀದರ್, ಸಾಮಾನ್ಯವಾಗಿ ಏಕ್ಸಲ್ ಮೇಲೆ, ಕೆಸರು ಮೆತ್ತಿಕೊಂಡು, ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ. ಅದಕ್ಕೇ ಕೆಲಸದ ಕ್ರಮವನ್ನು ಕೆಳಗಿನಿಂದ ಮೇಲಕ್ಕೆ ಇಟ್ಟುಕೊಳ್ಳಬೇಕು.

ಟೇಪು ಹಿಡಿದು ಅಳೆಯಿರಿ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನೆಲದಿಂದ ಐದು ಎತ್ತರಗಳನ್ನು ಬರೆದುಕೊಳ್ಳಿ: ಚಕ್ರದ ಹಬ್‌ನ ನಡುಮಧ್ಯ, ಬಾಗಿಲಿನ ಹೊಸ್ತಿಲು, ರೇಡಿಯೇಟರ್ ಫ್ಯಾನಿನ ಕೆಳ ಅಂಚು, ಡೈನಮೋ, ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ. ಕೊನೆಯದನ್ನು ಹುಡುಕಲು ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ಪೈಪನ್ನು ಕೈಯಲ್ಲೇ ತಡವುತ್ತ ಹೋಗಿ. ಕೆಲವು ಗಾಡಿಗಳಲ್ಲಿ ಅದು ಗ್ರಿಲ್ಲಿನ ಹಿಂದೆ ಮೇಲಕ್ಕಿರುತ್ತದೆ, ಕೆಲವಲ್ಲಿ ಫೆಂಡರಿನೊಳಗೆ ಹೊಕ್ಕು ಕೆಳಮುಖವಾಗಿ ತೆರೆದುಕೊಂಡಿರುತ್ತದೆ. ಎರಡನೆಯ ಬಗೆಯಲ್ಲಿ ಮೇಲಿನಿಂದ ಕಾಣುವ ಎತ್ತರವನ್ನು ನಂಬಬಾರದು.

ಕಂಪನಿ ಕೊಡುವ ಅಂಕಿ ಇದ್ದರೆ ಅದನ್ನೇ ಗರಿಷ್ಠ ಮಿತಿ ಎಂದು ಹಿಡಿಯಿರಿ. 2020ರ ಥಾರ್‌ಗೆ ಮಹೀಂದ್ರಾ 650 ಮಿ.ಮೀ. ಎಂದಿದೆ. ಕಂಪನಿಯಿಂದಲೇ ಸ್ನಾರ್ಕೆಲ್ ಹೊತ್ತು ಬರುವ ಫೋರ್ಸ್ ಗೂರ್ಖಾಗೆ 700 ಮಿ.ಮೀ. ಸ್ನಾರ್ಕೆಲ್ಲಿನ ಬಾಯಿ ಚಾವಣಿಯ ಮಟ್ಟದಲ್ಲಿದ್ದರೂ ಮಿತಿ 700ಕ್ಕೇ ನಿಂತಿರುವುದನ್ನು ಗಮನಿಸಿ. ಇವು ನಿಂತ ನೀರಿನಲ್ಲಿ, ನಿಧಾನವಾಗಿ ಹೋಗುವಾಗಿನ ಅಂಕಿಗಳು. ಏನೂ ತಯಾರಿ ಮಾಡದ ಗಾಡಿಗೆ ಹಬ್‌ನ ಮಟ್ಟವೇ ಕಡೆ. ಥಾರ್‌ನ 255/65 ಆರ್18 ಟೈರಿನಲ್ಲಿ ಅದು ಸುಮಾರು 380 ಮಿ.ಮೀ. ನಿಮ್ಮ ಮಿತಿ ತೀರ್ಮಾನವಾದ ಮೇಲೆ ಮುಂದಿನ ಫೆಂಡರಿನ ಮೇಲೆ ಆ ಎತ್ತರಕ್ಕೆ ಒಂದು ಬಣ್ಣದ ಟೇಪು ಅಂಟಿಸಿ. ಕೆಳಗಿಳಿದು ನಿಂತವರು ನಿಮಗೆ ಕೂಗಿ ಹೇಳಲು ಅದೊಂದು ಗುರುತು.

ಬ್ರೀದರ್‌ಗಳು

ಮುಂದಿನ ಏಕ್ಸಲ್, ಹಿಂದಿನ ಏಕ್ಸಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎರಡೂ ಏಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ), ನಾಲ್ಕಕ್ಕೂ ಉಸಿರಾಡಲು ಒಂದೊಂದು ದಾರಿ ಇರುತ್ತದೆ. ಆಯಿಲ್ ಬಿಸಿಯಾದಾಗ ಹಿಗ್ಗಿದ ಗಾಳಿ ಅಲ್ಲಿಂದ ಹೊರಗೆ, ತಣಿದಾಗ ಒಳಗೆ. ಈಗ ಲೆಕ್ಕ ಹಾಕಿ. ಘಾಟ್ ಇಳಿದು ಬಂದ ಏಕ್ಸಲ್ ಹೌಸಿಂಗ್‌ನಲ್ಲಿ (ಏಕ್ಸಲ್‌ನ ಹೊರಕವಚದಲ್ಲಿ) ಗಾಳಿ 80 ಡಿಗ್ರಿ ಇದೆ, ಹಳ್ಳಕ್ಕಿಳಿದ ಕೂಡಲೇ 27 ಡಿಗ್ರಿಗೆ ಇಳಿಯುತ್ತದೆ ಅನ್ನೋಣ. ಅದರ ಗಾತ್ರ ಶೇ. 15ರಷ್ಟು ಕುಗ್ಗುತ್ತದೆ. ಒಳಗೆ 3 ಲೀಟರ್ ಗಾಳಿ ಇದ್ದರೆ ಸುಮಾರು 450 ಮಿ.ಲೀ. ಜಾಗ ಖಾಲಿಯಾಯಿತು. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಆ ಜಾಗಕ್ಕೆ ನುಗ್ಗುವುದು ನೀರು. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಇನ್ನೂ ಕಷ್ಟ: ಆಯಿಲ್ ಸೀಲಿನ ತುಟಿ ಒಳಗಿನ ಆಯಿಲ್ ಹೊರಬಾರದಂತೆ ತಡೆಯಲು ಮಾಡಿದ್ದು, ಹೊರಗಿನ ನೀರು ಎಳೆತಕ್ಕೆ ಸಿಕ್ಕಾಗ ಅದು ತಡೆಯಲಾರದು. ಹೀಗೆ ಒಳಬಂದ ನೀರು ಆ ದಿನ ಏನೂ ಮಾಡುವುದಿಲ್ಲ. ಕೆಲವು ತಿಂಗಳ ಮೇಲೆ ಬೇರಿಂಗ್ ಕೂಗುತ್ತದೆ, ಏಕ್ಸಲ್ ಒಳಗಿನ ಹಲ್ಲುಚಕ್ರಗಳಾದ ಕ್ರೌನ್ ಮತ್ತು ಪಿನಿಯನ್ ಸವೆದಿರುತ್ತವೆ, ಯಾವ ಹಳ್ಳದ ಫಲ ಅದು ಎಂದು ಯಾರಿಗೂ ನೆನಪಿರುವುದಿಲ್ಲ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು ಇಷ್ಟೇ. ಗೋವೆಯ ಗ್ಯಾರೇಜುಗಳಲ್ಲಿ ಹುಬ್ಬಳ್ಳಿ, ಬೆಳಗಾವಿ ಕಡೆಯ ಕೈಗಳು ಸಿಗುತ್ತವೆ; "ಅಣ್ಣಾ, ಹಿಂದಿನ ಹೌಸಿಂಗ್ ಬ್ರೀದರ್ ಬಿಚ್ಚಿ ಒಮ್ಮೆ ಊದಿ ನೋಡ್ರಿ, ಆಮೇಲೆ ಪೈಪ್ ಹಾಕಿ ಮ್ಯಾಲೆ ಒಯ್ಯೂಣು" ಅಂದರೆ ಸಾಕು. ನೀವೇ ಮಾಡುವುದಾದರೆ:

1. ಸುತ್ತಲಿನ ಕೆಸರನ್ನು ತಂತಿ ಬ್ರಷ್‌ನಿಂದ ಉಜ್ಜಿ, ಡೀಸೆಲ್‌ನಿಂದ ಒರೆಸಿ, ಆಮೇಲೆ ಬಿಚ್ಚಿ. ಕೊಳೆ ಒಳಗೆ ಬಿದ್ದರೆ ನೀರಿಗಿಂತ ಕೆಟ್ಟದ್ದು.
2. ಹಳೆಯ ಬ್ರೀದರನ್ನೇ ಅಂಗಡಿಗೆ ಒಯ್ದು, ಅದೇ ಮರೆಯ (ಥ್ರೆಡ್‌ನ) ಹೋಸ್ ನಿಪ್ಪಲ್ ತನ್ನಿ. ಮರೆ ಗಾಡಿಯಿಂದ ಗಾಡಿಗೆ ಬೇರೆ. ಅಂದಾಜಿನಲ್ಲಿ ತಂದದ್ದನ್ನು ಒತ್ತಾಯದಿಂದ ತಿರುಗಿಸಿದರೆ ಹೌಸಿಂಗ್‌ನ ಮರೆ ಕೆಡುತ್ತದೆ.
3. ಆಯಿಲ್ ತಡೆಯುವ 6 ಅಥವಾ 8 ಮಿ.ಮೀ. ಒಳಅಳತೆಯ ಫ್ಯೂಯೆಲ್ ಹೋಸ್ ಬಳಸಿ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪು ಸೈಲೆನ್ಸರ್ ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ.
4. ಉದ್ದವನ್ನು ದಾರ ಹಿಡಿದು ಅಳೆಯಿರಿ, ಅದೂ ಚಾಸಿಯನ್ನು ಜಾಕಿನ ಮೇಲೆತ್ತಿ ಏಕ್ಸಲ್ ಪೂರ್ತಿ ಜೋತಾಡುವಾಗ. ನಿಂತ ಗಾಡಿಯಲ್ಲಿ ಅಳೆದರೆ ಮೊದಲ ದೊಡ್ಡ ಗುಂಡಿಯಲ್ಲೇ ಪೈಪು ಕಿತ್ತುಬರುತ್ತದೆ.
5. ಬ್ರೇಕ್ ಪೈಪಿನ ಜಾಡಿನಲ್ಲೇ ಒಯ್ದು, ಸೈಲೆನ್ಸರ್ ಮತ್ತು ತಿರುಗುವ ಪ್ರೊಪೆಲ್ಲರ್ ಶಾಫ್ಟಿನಿಂದ ದೂರವಿಟ್ಟು ಕೇಬಲ್ ಟೈ ಕಟ್ಟಿ. ಟೈ ಬಿಗಿದು ಪೈಪು ಚಪ್ಪಟೆಯಾಗಬಾರದು. ನಡುವೆ ಎಲ್ಲೂ ತಗ್ಗಿ ಮತ್ತೆ ಏರಬಾರದು. ಆ ತಗ್ಗಿನಲ್ಲಿ ಆಯಿಲ್ ಹನಿ ನಿಂತು ದಾರಿ ಮುಚ್ಚುತ್ತದೆ.
6. ಮುಂದಿನ ಮೂರನ್ನು ಬಾನೆಟ್ ಒಳಗೆ ಫೈರ್‌ವಾಲ್‌ನ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ) ಮೇಲ್ತುದಿಗೆ, ಹಿಂದಿನದನ್ನು ಟೇಲ್ ಲ್ಯಾಂಪಿನ ಹಿಂದಿನ ಗೂಡಿಗೆ ಒಯ್ದು, ತುದಿಯನ್ನು ಕೆಳಮುಖ ಮಾಡಿ ಒಂದು ಸಣ್ಣ ಬೈಕ್ ಫ್ಯೂಯೆಲ್ ಫಿಲ್ಟರ್ ಸಿಕ್ಕಿಸಿ.

ನಾಲ್ಕು ಪೈಪುಗಳನ್ನು ಒಂದಕ್ಕೆ ಸೇರಿಸುವ ಸರಂಜಾಮು ಸಿಗುತ್ತದೆ. ನಮ್ಮ ಮಟ್ಟಿಗೆ ಬೇರೆ ಬೇರೆಯಾಗಿ ಬಿಡುವುದೇ ಲೇಸು. ಒಂದು ಪೈಪಿನ ತುದಿಯಲ್ಲಿ ಬಿಳಿ ನೊರೆ ಕಂಡರೆ ಯಾವ ಹೌಸಿಂಗ್‌ಗೆ ನೀರು ಹೋಗಿದೆ ಎಂದು ಆಗಲೇ ತಿಳಿಯುತ್ತದೆ.

ಇಂಜಿನ್‌ಗೆ ಹೋಗುವ ಗಾಳಿ

ನೀರು ಒತ್ತಿದರೆ ಕುಗ್ಗುವುದಿಲ್ಲ. 2.2 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ ಸುಮಾರು 550 ಮಿ.ಲೀ. ಕಂಪ್ರೆಶನ್ 16:1 ಎಂದು ಹಿಡಿದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 36 ಮಿ.ಲೀ.ಯಷ್ಟು. ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೂರು ದೊಡ್ಡ ಚಮಚೆಯಷ್ಟೂ ಇಲ್ಲದ ನೀರಿಗೆ ಇಂಜಿನ್ ಬಿಚ್ಚುವ ಕೆಲಸ.

ಏರ್ ಫಿಲ್ಟರ್ ಡಬ್ಬಿಯ ನಾಲ್ಕೂ ಕ್ಲಿಪ್ಪು ಕೂರುತ್ತವೆಯೇ, ಮುಚ್ಚಳದ ರಬ್ಬರ್ ಸುತ್ತಲೂ ಇದೆಯೇ ನೋಡಿ. ಡಬ್ಬಿಯ ತಳದಲ್ಲಿ ಮಳೆನೀರು ಬಸಿಯಲು ಒಂದು ತೂತು ಇರುತ್ತದೆ, ಕೆಲವು ಗಾಡಿಗಳಲ್ಲಿ ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ಕವಾಟದೊಂದಿಗೆ. ರಬ್ಬರ್ ಗಟ್ಟಿಯಾಗಿ ಬಾಯಿ ತೆರೆದುಕೊಂಡಿದ್ದರೆ ಬದಲಿಸಿ. ಬರೀ ತೂತಾದರೆ ನೀರಿಗಿಳಿಯುವ ದಿನಕ್ಕೆ ರಬ್ಬರ್ ಬಿರಡೆ ಹಾಕಿ, ಮನೆಗೆ ಬಂದ ಮೇಲೆ ತೆಗೆಯಿರಿ. ಎಂಸೀಲ್ ಮೆತ್ತಿ ಶಾಶ್ವತವಾಗಿ ಮುಚ್ಚಬೇಡಿ. ಫಿಲ್ಟರ್‌ನಿಂದ ಟರ್ಬೊವರೆಗಿನ ರಬ್ಬರ್ ಪೈಪನ್ನು ಬಾಗಿಸಿ ನೋಡಿ. ಸುಕ್ಕುಗಳ ನಡುವಿನ ಬಿರುಕು ನೆಟ್ಟಗಿರುವಾಗ ಕಾಣುವುದಿಲ್ಲ.

ಸ್ನಾರ್ಕೆಲ್ ಹಾಕಿಸುವುದಾದರೆ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕೆಲವು ಸ್ನಾರ್ಕೆಲ್‌ಗಳು ಫೆಂಡರಿಗೆ ಅಂಟಿರುತ್ತವೆಯೇ ಹೊರತು ಏರ್ ಬಾಕ್ಸ್‌ಗೆ ಕೂಡಿಕೊಂಡಿರುವುದಿಲ್ಲ, ಕೂಡಿದ್ದರೂ ಜೋಡಣೆ ನೀರು ಬಿಗಿಯಲ್ಲ. ಪರೀಕ್ಷೆ ಸುಲಭ: ಇಂಜಿನ್ ಐಡಲ್‌ನಲ್ಲಿರುವಾಗ ಸ್ನಾರ್ಕೆಲ್ ತಲೆ ತೆಗೆದು, ಬಾಯಿಯನ್ನು ಒಂದು ದಪ್ಪ ರಬ್ಬರ್ ಹಾಳೆಯಿಂದ ಮುಚ್ಚಿ. ಕೆಲವೇ ಸೆಕೆಂಡಿನಲ್ಲಿ ಇಂಜಿನ್ ಉಸಿರುಗಟ್ಟಿ ನಿಲ್ಲಬೇಕು. ನಡೆಯುತ್ತಲೇ ಇದ್ದರೆ ಬೇರೆಲ್ಲಿಂದಲೋ ಗಾಳಿ ಬರುತ್ತಿದೆ. ಗಾಳಿ ಬರುವಲ್ಲಿ ನೀರೂ ಬರುತ್ತದೆ. ಫೆಂಡರ್ ಕೊರೆದ ಅಂಚಿಗೆ ತುಕ್ಕು ತಡೆಯುವ ಬಣ್ಣ ಹಚ್ಚದೆ ಕೂರಿಸಲು ಬಿಡಬೇಡಿ. ಗೋವೆಯ ಉಪ್ಪುಗಾಳಿಗೆ ಅದು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ವಾರಂಟಿಯ ವಿಷಯವನ್ನು ಶೋರೂಮಿನಲ್ಲಿ, ಮಾರ್ಪಾಡಿನ ವಿಷಯವನ್ನು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

ಫ್ಯಾನು ಮತ್ತು ಕರೆಂಟು

ತಿರುಗುತ್ತಿರುವ ಫ್ಯಾನಿನ ರೆಕ್ಕೆಗೆ ನೀರು ತಾಗಿದರೆ ಅದು ಹಡಗಿನ ಪಂಖದ ಕೆಲಸ ಮಾಡತೊಡಗುತ್ತದೆ. ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನು ಸೀಳುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ನೀರಿಗಿಳಿಯುವ ಮೊದಲೇ ಎಸಿ ಆರಿಸಿ, ಇಂಜಿನ್ ತಣಿಯಲು ಬಿಡಿ, ಫ್ಯಾನ್ ನಿಂತದ್ದನ್ನು ಕಿವಿಗೊಟ್ಟು ಕೇಳಿ. ಇಂಜಿನ್‌ನಿಂದ ತಿರುಗುವ ಫ್ಯಾನ್ ಇದ್ದರೆ ವೇಗ ಕಡಿಮೆ ಇಡುವುದೇ ದಾರಿ. ಹಳೆಯ ಜೀಪುಗಳಲ್ಲಿ ಫ್ಯಾನ್ ಬೆಲ್ಟ್ ಸಡಿಲಿಸುತ್ತಿದ್ದರು. ಈಗಿನ ಗಾಡಿಗಳಲ್ಲಿ ಒಂದೇ ಬೆಲ್ಟು ಡೈನಮೋ, ವಾಟರ್ ಪಂಪುಗಳನ್ನೂ ತಿರುಗಿಸುವುದರಿಂದ ಆ ಉಪಾಯಕ್ಕೆ ಹೋಗಬೇಡಿ. ಹಬ್‌ಗಿಂತ ಆಳವಾದ ನೀರಿಗೆ ದಪ್ಪ ಟಾರ್ಪಾಲನ್ನು ಬಂಪರಿನ ಕೆಳಗಿನಿಂದ ಬಾನೆಟ್ ಅಂಚಿನವರೆಗೆ ಎಳೆದು ಕಟ್ಟಿ. ಗಾಡಿ ಮುಂದೆ ಸಾಗುವಾಗ ಮಾತ್ರ ಅದು ಕೆಲಸ ಮಾಡುತ್ತದೆ. ದಡ ಹತ್ತಿದ ಕೂಡಲೇ ಬಿಚ್ಚದಿದ್ದರೆ ಇಂಜಿನ್ ಕಾಯುತ್ತದೆ.

ಕರೆಂಟಿನ ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಹಬ್‌ನಿಂದ ಬಾನೆಟ್ ನಡುವಿನ ಎತ್ತರದಲ್ಲಿರುವ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ, ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ರಬ್ಬರ್ ಸೀಲಿನ ಸುತ್ತ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಿ. ಪಿನ್ನುಗಳ ಮೇಲೆ ತುಂಬುವ ಅಗತ್ಯವಿಲ್ಲ. ಬಾಡಿಗೆ ಕೂಡುವ ಅರ್ಥ್ ಬೋಲ್ಟುಗಳನ್ನು ಬಿಚ್ಚಿ ಮರಳುಕಾಗದದಿಂದ ಉಜ್ಜಿ ಬಿಗಿಯಿರಿ. ಸೀಟಿನ ಕೆಳಗೆ, ಕಾರ್ಪೆಟ್ ಅಡಿ ಯಾವುದಾದರೂ ಕಂಟ್ರೋಲ್ ಯೂನಿಟ್ ಇದೆಯೇ ಎಂಬುದನ್ನು ಈಗಲೇ ನೋಡಿಟ್ಟುಕೊಳ್ಳಿ. ಇದ್ದರೆ ನಿಮ್ಮ ನಿಜವಾದ ಮಿತಿ ಬಾಗಿಲಿನ ಹೊಸ್ತಿಲೇ. ಪೆಟ್ರೋಲ್ ಗಾಡಿಯಲ್ಲಿ ಪ್ಲಗ್ಗಿನ ಮೇಲಿನ ಕಾಯಿಲ್ ರಬ್ಬರುಗಳನ್ನೂ ಪರೀಕ್ಷಿಸಿ.

ಎಳೆಯುವ ಪಟ್ಟಿ 9 ಮೀಟರಿನದು, ಎರಡು ಟನ್ ಗಾಡಿಗೆ 8 ಟನ್ ಸಾಮರ್ಥ್ಯದ್ದು, ಜೊತೆಗೆ 4.75 ಟನ್ ಎಂದು ಅಚ್ಚೊತ್ತಿದ ಎರಡು ಬೋ ಶ್ಯಾಕಲ್ (ಬಿಲ್ಲಿನಾಕಾರದ ಉಕ್ಕಿನ ಕೊಂಡಿ) ಇರಲಿ. ನೀರಿಗಿಳಿಯುವ ಮೊದಲೇ ಪಟ್ಟಿಯನ್ನು ಟೋ ಹುಕ್‌ಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾನೆಟ್ ಮೇಲೆ ಕಟ್ಟಿಡಿ. ಕೆಸರುನೀರಿನಲ್ಲಿ ಮುಳುಗಿ ಹುಕ್ ಹುಡುಕುವ ಕೆಲಸ ಯಾರಿಗೂ ಬೇಡ. ಪಕ್ಕದ ಗಾಜು ಒಡೆಯುವ ಸುತ್ತಿಗೆ ಡ್ರೈವರ್ ಕೈಗೆಟಕುವಂತಿರಲಿ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿದ 2005ರ ಜುಲೈ 26ರ ಮುಂಬೈ ಮಳೆಯಲ್ಲಿ, ಬಾಗಿಲು, ಕಿಟಕಿ ತೆರೆಯಲಾಗದೆ ಕಾರಿನೊಳಗೇ ಜನ ಸತ್ತರು.

ಇಳಿಯಬೇಕೋ ಬೇಡವೋ

ಇಷ್ಟೆಲ್ಲ ತಯಾರಿ ನಿಂತ ನೀರಿಗೆ ಮತ್ತು ಮೆಲ್ಲಗೆ ಹರಿಯುವ ನೀರಿಗೆ. ಜೋರು ಹರಿವಿಗೆ ಯಾವ ತಯಾರಿಯೂ ಇಲ್ಲ. ಗಾಡಿಯ ತಳವನ್ನು 1.6 ಮೀಟರ್ ಅಗಲ, 3.4 ಮೀಟರ್ ಉದ್ದ ಎಂದು ಹಿಡಿಯಿರಿ. ನೀರು ತಳದಿಂದ ಮೇಲೆ ಪ್ರತಿ 10 ಸೆಂ.ಮೀ. ಏರಿದಾಗಲೂ ಸುಮಾರು 540 ಕಿಲೋ ತೂಕ ಟೈರಿನ ಮೇಲಿನಿಂದ ಇಲ್ಲವಾಗುತ್ತದೆ. ತಳದ ಮೇಲೆ 30 ಸೆಂ.ಮೀ. ಏರುವಷ್ಟರಲ್ಲಿ 1.6 ಟನ್ನಿನ ಗಾಡಿ ತೇಲತೊಡಗುತ್ತದೆ, ತೇಲಿದ ಮೇಲೆ ಫೋರ್ ಬೈ ಫೋರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹರಿವು ಅದಕ್ಕೂ ಮೊದಲೇ ಬದಿಗೆ ತಳ್ಳುತ್ತದೆ. ಬಾಗಿಲಿನ ಸಂದಿಗಳನ್ನು ಟೇಪು ಹಚ್ಚಿ ಬಿಗಿ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಒಳಗೆ ಬರುವ ನೀರು ಗಾಡಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಕಾರ್ಪೆಟ್ ಒಣಗಿಸಬಹುದು.

ಮಹದಾಯಿ ಹುಟ್ಟುವುದು ಖಾನಾಪುರ ತಾಲ್ಲೂಕಿನಲ್ಲಿ. ವಾಲ್ಪೊಯ್‌ನಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆಯಾದರೆ ಸತ್ತರಿಯ ಹಳ್ಳಗಳು ದಿಢೀರನೆ ಏರುತ್ತವೆ. ನೀರಿನ ಬಣ್ಣ ಕೆಂಪಾಗುತ್ತಿದ್ದರೆ, ಎಲೆ, ಕಡ್ಡಿ ತೇಲಿಬರತೊಡಗಿದರೆ, ದಡದಲ್ಲಿ ಗುರುತಿಗೆ ನೆಟ್ಟ ಕೋಲು ಐದು ನಿಮಿಷದಲ್ಲಿ ಮುಳುಗಿದರೆ ಹಿಂದಿರುಗಿ. ಬಂಧಾರಗಳ (ಹಳ್ಳಕ್ಕೆ ಕಟ್ಟಿದ ಚಿಕ್ಕ ಒಡ್ಡುಗಳ) ಮೇಲೆ ನೀರು ಹರಿಯುವಾಗ ಅಂಚು ಕಾಣುವುದಿಲ್ಲ, ಅಲ್ಲಿ ಇಳಿಯಲೇಬಾರದು. ಹಳ್ಳವಾದರೆ ಕೋಲು ಹಿಡಿದು ನಡೆದು ನೋಡಿ, ಎರಡೂ ಚಕ್ರದ ಜಾಡಿನಲ್ಲಿ. ಕಾಲು ನಿಲ್ಲದ ಕಡೆ ಚಕ್ರವೂ ನಿಲ್ಲದು. ಪೇಟೆಯ ನೆರೆನೀರಿನಲ್ಲಿ ಮಾತ್ರ ಹೀಗೆ ನಡೆಯಬೇಡಿ: ತೆರೆದ ಮ್ಯಾನ್‌ಹೋಲ್, ಕರೆಂಟು ಎರಡೂ ಇರುತ್ತವೆ, ಗಾಯವಿದ್ದ ಕಾಲಿಗೆ ಇಲಿಜ್ವರದ ಭಯ ಬೇರೆ.

ದೂಧಸಾಗರಕ್ಕೆ ಕುಳೇಂನಿಂದ ಹೊಳೆ ದಾಟಿ ಹೋಗುವ ದಾರಿ ಭಗವಾನ್ ಮಹಾವೀರ ಅಭಯಾರಣ್ಯದ್ದು, ಪರವಾನಗಿ ಇರುವ ಪ್ರವಾಸಿ ಜೀಪುಗಳಿಗೆ ಮಾತ್ರ. ಮಳೆಗಾಲದಲ್ಲಿ ಅವೂ ಓಡುವುದಿಲ್ಲ. ಕಡಲತೀರದಲ್ಲಿ ಗಾಡಿ ಓಡಿಸುವುದು ಗೋವೆಯಲ್ಲಿ ನಿಷಿದ್ಧ.

ದಾಟುವಾಗ

ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ. ಬ್ರೇಕ್ ಡಿಸ್ಕ್, ಟರ್ಬೊ, ಬಿಎಸ್6 ಗಾಡಿಯ ಸೈಲೆನ್ಸರ್‌ನಲ್ಲಿರುವ ಸೆನ್ಸರ್‌ಗಳು ಕಾದಿರುವಾಗ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಕಿಟಕಿ ಇಳಿಸಿ, ಬಾಗಿಲಿನ ಲಾಕ್ ಬಿಡಿಸಿ, ಸೀಟ್ ಬೆಲ್ಟ್ ತೆಗೆಯಿರಿ. 4ಎಲ್ (ಫೋರ್ ಬೈ ಫೋರ್‌ನ ಲೋ ರೇಂಜ್) ಹಾಕಿ, ಆಳಕ್ಕೆ ತಕ್ಕಂತೆ ಒಂದು ಇಲ್ಲವೇ ಎರಡನೇ ಗೇರ್. ಆಟೊಮ್ಯಾಟಿಕ್ ಇದ್ದರೆ ಮ್ಯಾನುಯಲ್‌ನಲ್ಲಿ ಅದೇ ಗೇರಿಗೆ ಕಟ್ಟಿಹಾಕಿ.

ನಡೆಯುವ ವೇಗದಲ್ಲಿ ಇಳಿಯಿರಿ. ಪೂರ್ತಿ ಇಳಿದ ಮೇಲೆ ಗಂಟೆಗೆ 5ರಿಂದ 8 ಕಿ.ಮೀ.ಗೆ ಏರಿಸಿದರೆ ಬಂಪರಿನ ಮುಂದೆ ಒಂದು ಅಲೆ ಏಳುತ್ತದೆ, ಅದರ ಹಿಂದೆ ಬಾನೆಟ್ ಒಳಗೆ ನೀರು ತಗ್ಗುತ್ತದೆ. ಆ ಅಲೆಯನ್ನು ಕಾಪಾಡುವ ವೇಗವೇ ಸರಿಯಾದ ವೇಗ. ಅಲೆಯನ್ನು ಹಿಂದಿಕ್ಕಿದರೆ ನೀರು ಬಾನೆಟ್ ಮೇಲೇರುತ್ತದೆ, ನಿಲ್ಲಿಸಿದರೆ ಅಲೆ ಮರಳಿ ಬಂದು ಇಂಜಿನ್‌ಗೆ ಬಡಿಯುತ್ತದೆ. ನಡುವೆ ಕ್ಲಚ್ ಒತ್ತಬೇಡಿ. ತಟ್ಟೆಗಳ ನಡುವೆ ನೀರು ಹೊಕ್ಕರೆ ಹಿಡಿತ ತಪ್ಪುತ್ತದೆ. ಎದುರಿನಿಂದ ಗಾಡಿ ಬರುತ್ತಿದ್ದರೆ ಅದು ದಾಟುವವರೆಗೆ ಕಾಯಿರಿ, ಅದರ ಅಲೆ ನಿಮ್ಮ ಅಲೆಗೆ ಕೂಡಿಕೊಳ್ಳುತ್ತದೆ.

ನೀರಿನಲ್ಲಿ ನಿಂತುಹೋದರೆ

ಸೆಲ್ಫ್ ಹೊಡೆಯಬೇಡಿ. ಒಮ್ಮೆಯೂ ಬೇಡ. ಇಂಜಿನ್ ತಾನಾಗಿ ನಿಂತದ್ದರಿಂದ ರಾಡ್ ಬಾಗದೆ ಉಳಿದಿರಬಹುದು, ಸೆಲ್ಫ್ ಹೊಡೆದಾಗ ಬಾಗುತ್ತದೆ. ಇಗ್ನಿಶನ್ ಆಫ್ ಮಾಡಿ, ಜನರನ್ನು ಮೊದಲು ಇಳಿಸಿ, ಕಟ್ಟಿಟ್ಟ ಪಟ್ಟಿಯಿಂದ ಎಳೆಸಿ, ನ್ಯೂಟ್ರಲ್‌ನಲ್ಲೇ. ಗೇರ್ ಹಾಕಿ ತಳ್ಳಿ ಸ್ಟಾರ್ಟ್ ಮಾಡುವುದೂ ಸೆಲ್ಫ್ ಹೊಡೆದಷ್ಟೇ ಕೆಟ್ಟದ್ದು.

ದಡದಲ್ಲಿ ಬ್ಯಾಟರಿ ಬಿಚ್ಚಿ, ಏರ್ ಫಿಲ್ಟರ್ ತೆಗೆದು ನೋಡಿ. ಫಿಲ್ಟರ್ ಒಣಗಿದ್ದು, ಅದರಾಚೆಯ ಪೈಪೂ ಒಣಗಿದ್ದರೆ ತೊಂದರೆ ಬಹುಶಃ ಕರೆಂಟಿನದು. ಒದ್ದೆಯಾಗಿದ್ದರೆ ಗ್ಯಾರೇಜಿನಲ್ಲಿ ಗ್ಲೋ ಪ್ಲಗ್, ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಧನ ಕಡಿದು, ಇಂಜಿನ್ ತಿರುಗಿಸಿ ನೀರು ಹೊರಹಾಕಬೇಕು. ಇಂಜಿನ್ ಆಯಿಲ್ ಹಾಲು ಬೆರೆಸಿದಂತಾಗಿದ್ದರೆ ಆಯಿಲ್, ಫಿಲ್ಟರ್ ಬದಲಿಸದೆ ಸ್ಟಾರ್ಟ್ ಮಾಡುವಂತಿಲ್ಲ. ಸಾಮಾನ್ಯ ಕಾಂಪ್ರಹೆನ್ಸಿವ್ ವಿಮೆ ಹೀಗೆ ಇಂಜಿನ್‌ಗಾದ ಹಾನಿಯನ್ನು ಕೊಡುವುದಿಲ್ಲ. ಇಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ಬೇಕು. ಅದಿದ್ದರೂ ನೀರಿನಲ್ಲಿ ಸೆಲ್ಫ್ ಹೊಡೆದದ್ದು ತಿಳಿದರೆ ಕ್ಲೇಮು ತಿರಸ್ಕಾರವಾಗಬಹುದು.

ದಾಟಿದ ಮೇಲೆ

ನೀರು ಬಸಿದ ಕೂಡಲೇ ನಿಧಾನವಾಗಿ ಓಡಿಸುತ್ತ ಬ್ರೇಕನ್ನು ಹಗುರವಾಗಿ ಒತ್ತಿಹಿಡಿದು ಒಣಗಿಸಿ. ಹಿಂದೆ ಡ್ರಮ್ ಇದ್ದರೆ ಎರಡು ಪಟ್ಟು ಹೊತ್ತು ಬೇಕು. ರಾತ್ರಿ ಹ್ಯಾಂಡ್ ಬ್ರೇಕ್ ಎಳೆದಿಡದೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ; ಒದ್ದೆ ಲೈನರ್ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಇಲ್ಲಿನ ಜಂಬಿಟ್ಟಿಗೆಯ ಕೆಂಪು ಕೆಸರು ಒಣಗಿದರೆ ರೇಡಿಯೇಟರಿನ ಜಾಲರಿಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಅದೇ ದಿನ ಹಿಂದಿನಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ಖಾಜನ್ ಗದ್ದೆ ಕಡೆಯ ಉಪ್ಪುನೀರು ತಾಗಿದ್ದರೆ ಚಾಸಿಯ ಒಳಭಾಗಕ್ಕೂ ಸಿಹಿನೀರು ಹಾಯಿಸಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೆ ಗ್ರೀಸ್ ನಿಪ್ಪಲ್ ಇದ್ದರೆ, ಹಳೆಯದು ಹೊರಬಂದು ಹೊಸ ಗ್ರೀಸ್ ಕಾಣುವವರೆಗೆ ಗನ್ ಒತ್ತಿ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಸಿಯಲಿರುವ ತಿರುಪನ್ನು ಸಡಿಲಿಸಿ ನೀರು ಬಿಡಿ.

ಏಕ್ಸಲ್ ಪರೀಕ್ಷೆಯನ್ನು ಮರುದಿನ ಬೆಳಿಗ್ಗೆ, ಗಾಡಿ ಕದಲಿಸುವ ಮೊದಲು ಮಾಡಿ. ನೀರು ಆಯಿಲ್‌ಗಿಂತ ಭಾರ, ರಾತ್ರಿಯೆಲ್ಲ ನಿಂತರೆ ತಳಕ್ಕಿಳಿದಿರುತ್ತದೆ. ಡ್ರೈನ್ ಪ್ಲಗ್ಗನ್ನು ಎರಡು ಸುತ್ತು ಸಡಿಲಿಸಿ, ಬಿಳಿ ತಟ್ಟೆಗೆ ಮೊದಲ ಹನಿಗಳನ್ನು ಹಿಡಿಯಿರಿ. ಜೇನಿನ ಬಣ್ಣವಿದ್ದರೆ ಮತ್ತೆ ಬಿಗಿಯಿರಿ. ನೀರು ಬಂದರೆ ಅಥವಾ ಹಾಲಿನ ಕಾಫಿಯ ಬಣ್ಣವಿದ್ದರೆ ಪೂರ್ತಿ ಬಸಿದು ಹೊಸದು ತುಂಬಿ. ಹೆಚ್ಚಿನ ಗಾಡಿಗಳ ಡಿಫರೆನ್ಶಿಯಲ್‌ಗೆ (ಏಕ್ಸಲ್ ನಡುವಿನ ಗೇರುಗಳಿಗೆ) ಜಿಎಲ್-5 ದರ್ಜೆಯ ಆಯಿಲ್ ಬೇಕು, ಸ್ನಿಗ್ಧತೆ ಮತ್ತು ಲೀಟರ್ ಲೆಕ್ಕ ಮ್ಯಾನುಯಲ್‌ನಲ್ಲಿ ನೋಡಿಯೇ ತನ್ನಿ. ಗೇರ್ ಬಾಕ್ಸ್‌ಗೆ ಅದನ್ನೇ ಸುರಿಯಬೇಡಿ, ಅದರ ಆಯಿಲ್ ಬೇರೆ. ಒಮ್ಮೆ ಬದಲಿಸಿದರೆ ಮೂಲೆಗಳಲ್ಲಿ ಹಳೆಯ ನೀರು ಉಳಿಯುತ್ತದೆ, ಹದಿನೈದು ಕಿ.ಮೀ. ಓಡಿಸಿ, ಬಿಸಿಯಿರುವಾಗಲೇ ಮತ್ತೆ ಬಸಿದು ಎರಡನೇ ಸಲ ತುಂಬಿ. ಬ್ರೀದರ್ ಸರಿಯಿದ್ದೂ ಮುಂದಿನ ಹಳ್ಳದ ನಂತರ ಮತ್ತೆ ನೀರು ಸಿಕ್ಕಿದರೆ ಏಕ್ಸಲ್ ಮತ್ತು ಪಿನಿಯನ್ ಆಯಿಲ್ ಸೀಲುಗಳನ್ನು ಬದಲಿಸಿ, ಹಾಗೆಯೇ ಸೀಲ್ ಕೂರುವ ಜಾಗದಲ್ಲಿ ಶಾಫ್ಟು ಉಗುರಿಗೆ ಸಿಗುವಷ್ಟು ಸವೆದಿದೆಯೇ ನೋಡಿ. ಸವೆದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ, ಶಾಫ್ಟಿಗೆ ಸ್ಲೀವ್ ಹಾಕಿಸಬೇಕು.